ಮನೆ ಬದಲಿಸುವ ಮೊದಲು ಲೆಕ್ಕ, ಆಮೇಲೆ ಗಂಟುಮೂಟೆ

(ಸದಸ್ಯರಿಗಾಗಿ ಗೃಹ ನಿರ್ವಹಣೆಯ ಪಾಠ)



ತೋಟದ ಬಗ್ಗೆ, ಗೊಬ್ಬರದ ಬಗ್ಗೆ, ಕೊಳೆರೋಗದ ಬಗ್ಗೆ ಈ ಪುಟಗಳಲ್ಲಿ ಬೇಕಾದಷ್ಟು ಓದಿದ್ದೇವೆ. ಈ ಸಲ ತೋಟದಿಂದ ಅಂಗಳ ದಾಟಿ ಮನೆಯೊಳಗೆ ಬರೋಣ. ನಮ್ಮ ಮೂರು ತಾಲ್ಲೂಕುಗಳಲ್ಲಿ, ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ, ಈಗ ಮನೆ ಬಿಡುವವರ ಸಂಖ್ಯೆ ಕಡಿಮೆಯಾಗಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದ ಇಬ್ಬರೇ ದೊಡ್ಡ ಮನೆಯಲ್ಲಿ. ಆಸ್ಪತ್ರೆ ದೂರ, ಮಳೆಗಾಲದಲ್ಲಿ ಕರೆಂಟಿಲ್ಲ. ಮೇಲಿಂದ ಎಲೆಚುಕ್ಕಿ ರೋಗದ ಕಾಟ. ತೋಟ ಇಟ್ಟುಕೊಂಡು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುವುದು ಅನೇಕರಿಗೆ ಅನಿವಾರ್ಯವಾಗುತ್ತಿದೆ. ಹೋಗಬೇಕೋ ಬೇಡವೋ ಎಂಬುದು ಅವರವರ ಮನೆಯ ವಿಚಾರ. ಹೋಗುವುದೇ ಆದರೆ ಹೇಗೆ ಹೋಗಬೇಕು ಎಂಬುದು ಈ ಪಾಠದ ವಿಷಯ.

ಇಕ್ಕೇರಿಯ ನಾಣ್ಯ

ಮನೆ ಬದಲಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿ ರಾಜಧಾನಿಯೇ ಎರಡು ಸಲ ಮನೆ ಬದಲಿಸಿದೆ. ಕೆಳದಿಯ ನಾಯಕರು ಮೊದಲು ಕೆಳದಿಯಿಂದ ಇಕ್ಕೇರಿಗೆ ಬಂದರು. 1640ರ ಆಸುಪಾಸಿನಲ್ಲಿ ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಹೋದರು. ಅರಮನೆ ಹೋಯಿತು, ಟಂಕಸಾಲೆಯೂ ಹೋಯಿತು. ಆದರೆ ಬಿದನೂರಿನಲ್ಲಿ ಅಚ್ಚಾದ ಹಣಕ್ಕೂ ಜನ ಇಕ್ಕೇರಿ ವರಾಹ ಎಂದೇ ಕರೆದರು. ಅಘೋರೇಶ್ವರ ದೇವಸ್ಥಾನದ ಮುಂದೆ ನಿಂತಾಗ ನನಗೆ ಈ ಸಂಗತಿ ಆಗಾಗ ನೆನಪಾಗುತ್ತದೆ. ಊರು ಬದಲಾದರೂ ನಾಣ್ಯದ ಮೇಲಿನ ನಂಬಿಕೆ ಬದಲಾಗಲಿಲ್ಲ. ಸಂಸಾರವೂ ಹಾಗೆಯೇ. ಮನೆ ಬದಲಾಗಲಿ, ಕೊಟ್ಟ ಮಾತು, ಕಟ್ಟಬೇಕಾದ ಸಾಲ, ಬರಬೇಕಾದ ಹಣ ಇವುಗಳ ಲೆಕ್ಕ ಮಾತ್ರ ತಪ್ಪಬಾರದು.

ಮುಳುಗಡೆಯ ಪಾಠ

ನಮ್ಮ ಹಿರಿಯರಿಗೆ ಮನೆ ಬದಲಿಸುವುದನ್ನು ಕಲಿಸಿದ್ದು ಮುಳುಗಡೆ. ಜೋಗದ ವಿದ್ಯುತ್ತಿಗಾಗಿ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಅಣೆಕಟ್ಟೇ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದರ ತಲೆ ಈಗಲೂ ಕಾಣುತ್ತದೆ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು, ಗದ್ದೆ, ತೋಟಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಆಮೇಲೆ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟಿನಿಂದಲೂ ಜನ ಎದ್ದರು. ಸಾಗರದ ನಾ. ಡಿ'ಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಈ ಕಷ್ಟವನ್ನು ಬರೆದಿದ್ದಾರೆ. ತುಮರಿಯ ಕಡೆಯವರು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವುದು ತಪ್ಪಿ ಸೇತುವೆಯ ಮೇಲೆ ಓಡಾಡುವಂತಾದದ್ದು 2025ರ ಜುಲೈಯಲ್ಲಿ.

ನಮ್ಮ ಮನೆಯೂ ಮುಳುಗಡೆಯದೇ. ಆಗ ನನಗೆ ಎಂಟು ವರ್ಷ. ಅಜ್ಜ, ಅಜ್ಜಿ, ಅಪ್ಪಯ್ಯ, ಅಮ್ಮ, ಚಿಕ್ಕಪ್ಪ, ನಾವು ನಾಲ್ಕು ಮಕ್ಕಳು. ಎರಡು ಲಾರಿ ಸಾಮಾನು. ಮಳೆ ಹಿಡಿಯುವ ಮೊದಲೇ ಹೊರಡಬೇಕೆಂದಿದ್ದವರು ಕೊನೆಯ ಗಳಿಗೆವರೆಗೆ ತಡಮಾಡಿ, ಮೊದಲ ಮಳೆಯಲ್ಲೇ ಹೊರಟೆವು. ಅಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಯಾರ ಕೈಗೂ ಕೊಡದೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಕಾಗದಪತ್ರದ ತಗಡಿನ ಪೆಟ್ಟಿಗೆಯನ್ನು ಮಾತ್ರ ಹಿಂದಿನ ಲಾರಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಇಟ್ಟಿದ್ದರು. ಹೊಸ ಜಾಗದಲ್ಲಿ ಪೆಟ್ಟಿಗೆ ತೆಗೆದಾಗ ಒಳಗಿದ್ದ ಕಾಗದವೆಲ್ಲ ನೆನೆದು ಒಂದೇ ಮುದ್ದೆ. ಭರಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆ ಮುದ್ದೆಯಲ್ಲಿ ಮಂಜೂರಾತಿಯ ಕಾಗದವೂ ಇತ್ತು. ಅದರ ನಕಲು ಪಡೆಯಲು ಅಪ್ಪಯ್ಯ ಹನ್ನೊಂದು ವರ್ಷ ಓಡಾಡಿದರು. ಅದು ಕಚೇರಿಯ ತಪ್ಪು ಎಂದು ನಾನು ಹೇಳುವುದಿಲ್ಲ. ಪೆಟ್ಟಿಗೆ ಇಟ್ಟ ಜಾಗ ನಮ್ಮದೇ. ಮುಳುಗಡೆಯ ಅನೇಕ ಕುಟುಂಬಗಳಿಗೆ ಜಮೀನಿನ ಹಕ್ಕಿನ ತೊಡಕು ಅರವತ್ತು ವರ್ಷ ಕಳೆದರೂ ತೀರಿಲ್ಲ ಎಂಬುದನ್ನು ನೋಡಿದಾಗ ಒಂದು ಕಾಗದದ ಬೆಲೆ ಏನೆಂದು ತಿಳಿಯುತ್ತದೆ.

ಎರಡನೆಯ ನಷ್ಟ ಇನ್ನೂ ದೊಡ್ಡದು. ಅಜ್ಜನ ಕೊಡುಕೊಳ್ಳುವ ಲೆಕ್ಕವೆಲ್ಲ ಅವನ ತಲೆಯಲ್ಲಿತ್ತು. ಯಾರಿಗೆ ಭತ್ತ ಕೊಟ್ಟದ್ದು, ಯಾರಿಂದ ಕೈಗಡ ತಂದದ್ದು, ಎಲ್ಲ ಬಾಯಿಲೆಕ್ಕ. ಒಂದೇ ಊರಿನಲ್ಲಿ ಇರುವಷ್ಟು ದಿನ ಅದು ನಡೆಯಿತು. ಊರು ಎದ್ದಾಗ ಜನ ನಾಲ್ಕು ದಿಕ್ಕಿಗೆ ಚದುರಿದರು. ಆ ಮಳೆಗಾಲದಲ್ಲೇ ಅಜ್ಜ ತೀರಿಕೊಂಡ. ಕೊಡಬೇಕಾದವರು ಹುಡುಕಿಕೊಂಡು ಬಂದರು. ನಮಗೆ ಕೊಡಬೇಕಾದವರು ಯಾರು ಎಂಬುದೇ ನಮಗೆ ತಿಳಿಯಲಿಲ್ಲ.

ಮೂರನೆಯದು ಪರಿಹಾರದ ಹಣ. ಒಟ್ಟಿಗೆ ಬಂದದ್ದು ದೊಡ್ಡದಾಗಿ ಕಂಡಿತು. ಮನೆ ಕಟ್ಟಿದೆವು, ಹೊಸ ತೋಟ ಹಾಕಿದೆವು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕೆಂಬುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಆ ಐದಾರು ವರ್ಷದ ಊಟದ ಖರ್ಚನ್ನು ಯಾರೂ ಬೇರೆ ತೆಗೆದಿಡಲಿಲ್ಲ. ಮೂರನೆಯ ವರ್ಷಕ್ಕೆ ಹಣ ಮುಗಿಯಿತು. ಅಮ್ಮನ ಬಳೆ ಹೋದದ್ದು ಆಗ.

ಕಾಗದ, ಬಾಯಿಲೆಕ್ಕ, ಒಟ್ಟಿಗೆ ಬಂದ ಹಣ. ನಮ್ಮ ಮನೆಯವರು ಎಡವಿದ್ದು ಈ ಮೂರರಲ್ಲಿ. ಕಳೆದ ವರ್ಷ ನಾನೂ ನನ್ನ ಹೆಂಡತಿಯೂ ತೋಟದ ಮನೆಯಿಂದ ಸಾಗರದ ಬಾಡಿಗೆ ಮನೆಗೆ ಬಂದಾಗ ಇವನ್ನು ಎದುರಿಗಿಟ್ಟುಕೊಂಡೇ ಬಂದೆವು. ಮಾಡಿ ನೋಡಿದ್ದನ್ನು ಕೆಳಗೆ ಕ್ರಮವಾಗಿ ಬರೆದಿದ್ದೇನೆ.

1. ಹೊರಡುವ ಕಾಲವನ್ನು ತೋಟ ನಿರ್ಧರಿಸಲಿ

ನಮಗೆ ವರ್ಷದ ಹಣ ಬರುವುದು ಕೊನೆಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇದೆ. ಮೇ ಕೊನೆಯಿಂದ ಔಷಧಿ ಹೊಡೆಸಬೇಕು. ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯ ಸಲ. ಆದ್ದರಿಂದ ಮನೆ ಬದಲಿಸಲು ಒಳ್ಳೆಯ ಕಾಲ ಫೆಬ್ರವರಿಯಿಂದ ಏಪ್ರಿಲ್. ಸುಲಿದು ಒಣಗಿಸುವ ಕೆಲಸ ಮುಗಿದಿರುತ್ತದೆ, ರಸ್ತೆ ಒಣಗಿರುತ್ತದೆ, ಮಾರಾಟದ ಪಟ್ಟಿ ಕೈಯಲ್ಲಿರುತ್ತದೆ. ಕೊಯ್ಲಿನ ನಡುವೆ ಹೊರಟವರಿಗೆ ಅಡಿಕೆಯೂ ಇಲ್ಲ, ಮನೆಯೂ ಇಲ್ಲ ಎಂಬ ಸ್ಥಿತಿಯಾಗುತ್ತದೆ.

2. ಒಂದು ವರ್ಷದ ಲೆಕ್ಕ ಬರೆಯಿರಿ

ಒಂದು ಉದಾಹರಣೆ ನೋಡೋಣ. ಅಂಕಿಗಳು ಕಲ್ಪಿತ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

ಅಡಿಕೆ, ಮೆಣಸು ಸೇರಿ ಬಂದ ಹಣ 6,00,000 ರೂ. ಇದರಲ್ಲಿ ಬೆಳೆಸಾಲ ಕಟ್ಟಲು 2,00,000. ಗೊಬ್ಬರ, ಔಷಧಿ, ಕೂಲಿ, ಕೊನೆಕೊಯ್ಲು ಸೇರಿ ಮುಂದಿನ ಫಸಲಿನವರೆಗೆ ತೋಟಕ್ಕೆ 1,50,000. ಮನೆ ಖರ್ಚು ತಿಂಗಳಿಗೆ 12,000ದಂತೆ ವರ್ಷಕ್ಕೆ 1,44,000. ಉಳಿಯುವುದು 1,06,000 ರೂ.

ಈಗ ಮನೆ ಬದಲಿಸುವ ಖರ್ಚು. ಬಾಡಿಗೆ ತಿಂಗಳಿಗೆ 7,000ದಂತೆ ವರ್ಷಕ್ಕೆ 84,000. ಮುಂಗಡ 50,000. ಲಾರಿ, ಆಳು, ಸಣ್ಣಪುಟ್ಟ ರಿಪೇರಿ 17,000. ಹಳೆಯ ಮನೆಯ ಹೆಂಚು ಕೈಯಾಡಿಸಲು, ನೋಡಿಕೊಳ್ಳುವವರಿಗೆ ಕೊಡಲು 10,000. ಒಟ್ಟು 1,61,000 ರೂ. ಅಂದರೆ 55,000 ರೂಪಾಯಿ ಸಾಲದು.

ಲೆಕ್ಕ ಬರೆಯದವರಿಗೆ ಈ 55,000 ಕಾಣುವುದೇ ಇಲ್ಲ. ಅವರು ಸಂತೋಷದಿಂದ ಮನೆ ಹಿಡಿಯುತ್ತಾರೆ. ಮೇ ತಿಂಗಳಲ್ಲಿ ಮೈಲುತುತ್ತ ತರಲು ಹೋದಾಗ ಕೈ ಖಾಲಿ ಎಂದು ತಿಳಿಯುತ್ತದೆ. ಒಂದು ಔಷಧಿ ತಪ್ಪಿ ಕೊಳೆ ಬಂದರೆ ಮುಂದಿನ ವರ್ಷದ ಬಾಡಿಗೆಯೇ ಮರದಿಂದ ಉದುರಿ ಹೋಗುತ್ತದೆ.

ಕಟ್ಟಿದ ಬೆಳೆಸಾಲ ಮತ್ತೆ ಸಿಗುತ್ತದಲ್ಲ, ಅದರಿಂದ ಸರಿದೂಗಿಸಬಹುದಲ್ಲ ಎಂದು ಕೇಳುವವರುಂಟು. ಸಿಗುತ್ತದೆ ನಿಜ. ಆದರೆ ಅದು ಬರುವ ಬೆಳೆಯ ಹಣ. ಫಲ ಕೊಡದ ಖರ್ಚಿಗೆ ಅದನ್ನು ಹಾಕಿದರೆ ಮರುವರ್ಷ ಅದೇ ಹಳ್ಳ ಇನ್ನೂ ಆಳವಾಗುತ್ತದೆ.

ಹಾಗಾದರೆ ದಾರಿ ಏನು? ಹೊರಡುವ ನಿರ್ಧಾರವನ್ನು ಒಂದು ಫಸಲು ಮೊದಲೇ ಮಾಡುವುದು. ಈ ವರ್ಷದ ಉಳಿಕೆ 1,06,000ವನ್ನು ಸೊಸೈಟಿಯಲ್ಲಿ ಒಂದು ವರ್ಷದ ಠೇವಣಿ ಇಡಿ. ಮುಂದಿನ ವರ್ಷವೂ ಅಷ್ಟೇ ಉಳಿದರೆ, ಬಡ್ಡಿ ಬಿಟ್ಟು 2,12,000. ಖರ್ಚು 1,61,000 ಕಳೆದರೆ 51,000 ರೂಪಾಯಿ ಆಸ್ಪತ್ರೆಗೋ ಆಪತ್ತಿಗೋ ಉಳಿಯುತ್ತದೆ. ಮುಂಗಡದ ಖರ್ಚು ಒಮ್ಮೆ ಮಾತ್ರ, ಬಾಡಿಗೆ ಪ್ರತಿವರ್ಷ. ಆದ್ದರಿಂದ ಎರಡನೆಯ ವರ್ಷದ ಲೆಕ್ಕವನ್ನೂ ಈಗಲೇ ಹಾಕಿ, ವರ್ಷದ ಉಳಿಕೆಯಲ್ಲಿ ವರ್ಷದ ಬಾಡಿಗೆ ನಡೆಯುತ್ತದೆಯೇ ನೋಡಿ. ನಡೆಯದಿದ್ದರೆ ಆ ಮನೆ ನಮಗೆ ದೊಡ್ಡದು ಎಂದರ್ಥ.

ಈ ಲೆಕ್ಕವನ್ನು ಯಜಮಾನರೊಬ್ಬರೇ ಕೂತು ಬರೆಯಬಾರದು. ಎಣ್ಣೆ ಎಷ್ಟು, ಬೇಳೆ ಎಷ್ಟು, ಹಾಲಿಗೆ ಎಷ್ಟು ಎಂಬುದು ಅಡಿಗೆಮನೆಯವರಿಗೆ ಗೊತ್ತು. ನಾನು ಮನೆ ಖರ್ಚು ತಿಂಗಳಿಗೆ ಎಂಟು ಸಾವಿರ ಎಂದು ಬರೆದಿದ್ದೆ. ನನ್ನ ಹೆಂಡತಿ ನೋಡಿ, "ಹಾಲು, ತರಕಾರಿ, ತೆಂಗಿನಕಾಯಿ, ಸೌದೆ ಇವೆಲ್ಲ ಸಾಗರದಲ್ಲಿ ಹಿತ್ತಲಲ್ಲಿ ಬೆಳೀತದಾ? ಅದೂ ಬರೀರಿ" ಎಂದಳು. ಬರೆದಾಗ ಹನ್ನೆರಡು ಸಾವಿರ ದಾಟಿತು.

3. ಕೊಡುಕೊಳ್ಳುವುದನ್ನು ಊರು ಬಿಡುವ ಮೊದಲು ಮುಗಿಸಿ

ಒಂದು ಇನ್ನೂರು ಪುಟದ ನೋಟುಬುಕ್ಕು ತನ್ನಿ. ಎಡಗಡೆ ಕೊಡಬೇಕಾದದ್ದು, ಬಲಗಡೆ ಬರಬೇಕಾದದ್ದು. ಅಂಗಡಿಯ ಬಾಕಿ, ಕೂಲಿಯವರಿಗೆ ಕೊಟ್ಟ ಮುಂಗಡ, ನೆಂಟರ ಕೈಗಡ, ದೇವಸ್ಥಾನದ ವಂತಿಗೆ, ಎಲ್ಲವೂ ಬರಲಿ. ಚಿಕ್ಕ ಬಾಕಿಗಳನ್ನು ಮೊದಲು ತೀರಿಸಿ. ಊರಿನಲ್ಲಿ ಹೆಸರು ಕೆಡುವುದು ದೊಡ್ಡ ಸಾಲದಿಂದಲ್ಲ, ಮರೆತ ಇನ್ನೂರು ರೂಪಾಯಿಯಿಂದ.

ಬೆಳೆಸಾಲದ ವಾಯಿದೆಯ ತಾರೀಖು ಬರೆದಿಡಿ. ಸಹಕಾರ ಸಂಘದ ಬಡ್ಡಿ ರಿಯಾಯಿತಿ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಗಂಟು ಕಟ್ಟುವ ಗಡಿಬಿಡಿಯಲ್ಲಿ ವಾಯಿದೆ ದಾಟಿದರೆ ನಷ್ಟ ನಮ್ಮದೇ. ಮನೆ ಬಿಟ್ಟರೂ ಜಮೀನು ಇಲ್ಲೇ ಇರುವುದರಿಂದ ಸಂಘದ ವ್ಯವಹಾರ ಹೇಗೆ ಮುಂದುವರಿಸಬೇಕೆಂದು ಕಾರ್ಯದರ್ಶಿಯವರನ್ನು ಕೇಳಿ ತಿಳಿಯಿರಿ. ಬೆಳೆ ವಿಮೆಗೆ ಕೊಟ್ಟ ಬ್ಯಾಂಕ್ ಖಾತೆಯನ್ನು ಪರಿಹಾರ ಬರುವವರೆಗೆ ಮುಚ್ಚಬೇಡಿ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರನ್ನೂ ಬಿಡಬೇಡಿ. ಖಾತೆ, ಠೇವಣಿ, ಷೇರು ಎಲ್ಲದಕ್ಕೂ ನಾಮಿನಿ ಇದೆಯೇ ನೋಡಿ. ಅಜ್ಜನ ತಲೆಯಲ್ಲಿದ್ದ ಲೆಕ್ಕದ ಗತಿ ನಮ್ಮದೂ ಆಗಬಾರದು.

4. ತೋಟವನ್ನು ಯಾರ ಕೈಗೆ ಒಪ್ಪಿಸುತ್ತೀರಿ?

ಇದು ಸೂಕ್ಷ್ಮವಾದ ವಿಷಯ. 1974ರ ಭೂಸುಧಾರಣೆಯ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಆದ್ದರಿಂದ "ನೀನು ನೋಡಿಕೊ, ಇಷ್ಟು ಕೊಡು" ಎಂಬ ಬಾಯಿಮಾತಿನ ಏರ್ಪಾಡು ಇಬ್ಬರಿಗೂ ಒಳ್ಳೆಯದಲ್ಲ. ಸಂಬಳಕ್ಕೆ ಆಳು ಇಟ್ಟು ನಾವೇ ವಾರಕ್ಕೊಮ್ಮೆ ಬಂದು ನೋಡುವುದು ಒಂದು ದಾರಿ. ಮರದ ಮೇಲಿನ ಫಸಲನ್ನು ಮಾತ್ರ ಆ ವರ್ಷದ ಮಟ್ಟಿಗೆ ಚೇಣಿಗೆ ಕೊಡುವುದು ಇನ್ನೊಂದು. ಕೆಲವೆಡೆ ಇದಕ್ಕೆ ಖೇಣಿ ಎನ್ನುತ್ತಾರೆ. ಚೇಣಿಯಾದರೆ ದರ, ಕಂತು, ಕೊಯ್ಲಿನ ಗಡುವು, ಒಣ ಗರಿ, ಹಾಳೆ ಯಾರಿಗೆ ಎಂಬುದು ಕಾಗದದಲ್ಲಿರಲಿ. ಔಷಧಿ ಹೊಡೆಸುವುದು ಯಾರ ಹೊಣೆ ಎಂಬುದು ಮೊದಲ ಸಾಲಿನಲ್ಲೇ ಇರಲಿ.

5. ಕೈಪೆಟ್ಟಿಗೆ

ಕಾಗದಪತ್ರಕ್ಕೆ ಒಂದೇ ಪೆಟ್ಟಿಗೆ, ಅದು ಲಾರಿ ಹತ್ತಬಾರದು. ನಮ್ಮ ಕೈಯಲ್ಲೇ, ದೇವರ ಪೆಟ್ಟಿಗೆಯ ಜೊತೆ ಬರಬೇಕು. ಅದರಲ್ಲಿ ಇರಬೇಕಾದದ್ದು: ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಆದೇಶ, ಇತ್ತೀಚಿನ ಪಹಣಿ, ಕಂದಾಯದ ರಸೀದಿ, ಸೊಸೈಟಿಯ ಷೇರು ಪತ್ರ, ಪಾಸ್‌ಬುಕ್ಕುಗಳು, ಠೇವಣಿ ರಸೀದಿ, ಅಡಿಕೆ ಮಾರಾಟದ ಪಟ್ಟಿಗಳು, ಆಧಾರ್, ಪಡಿತರ ಚೀಟಿ, ಮತದಾರರ ಚೀಟಿ, ವಿಮಾ ಪತ್ರ, ಆಸ್ಪತ್ರೆಯ ಚೀಟಿ ಮತ್ತು ಒಂದು ತಿಂಗಳ ಔಷಧಿ, ಚಿನ್ನ, ಬೀಗದ ಕೈಗಳು. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಪಟ್ಟಿ ಅಂಟಿಸಿ. ಎಲ್ಲದರ ನಕಲನ್ನು ಬೇರೆ ಊರಿನಲ್ಲಿರುವ ಮಗನಲ್ಲೋ ಮಗಳಲ್ಲೋ ಇಡಿ. ಪಹಣಿಯಲ್ಲಿ ಇನ್ನೂ ತೀರಿಹೋದವರ ಹೆಸರೇ ಇದ್ದರೆ ಪೌತಿ ಖಾತೆಯನ್ನು ಹೊರಡುವ ಮೊದಲೇ ಮಾಡಿಸಿ. ಪೇಟೆಗೆ ಹೋದ ಮೇಲೆ ಅದು ಮುಂದೆ ಮುಂದೆ ಹೋಗುತ್ತದೆ.

ವಿಳಾಸ ಬದಲಾವಣೆಗೆ ಒಂದು ಪುಟ ಬೇರೆ ಇಡಿ: ಬ್ಯಾಂಕು, ಗ್ಯಾಸು, ಪಡಿತರ, ಆಧಾರ್, ಮತದಾರರ ಪಟ್ಟಿ. ಮತದಾರರ ಪಟ್ಟಿಯಲ್ಲಿ ವಾಸಸ್ಥಳ ಬದಲಿಸಲು ನಮೂನೆ 8 ತುಂಬಬೇಕು. ಹಳೆಯ ಮನೆಯ ಮೆಸ್ಕಾಂ ಬಿಲ್ಲು ನಿಲ್ಲಿಸುವುದೋ ಕಟ್ಟುತ್ತ ಹೋಗುವುದೋ ಎಂಬುದನ್ನೂ ಅದೇ ಪುಟದಲ್ಲಿ ತೀರ್ಮಾನಿಸಿ.

6. ಗಂಟು ಕಟ್ಟುವ ಕ್ರಮ

ಎರಡು ತಿಂಗಳ ಮೊದಲು ಅಟ್ಟದಿಂದ ಆರಂಭಿಸಿ, ಅಡಿಗೆಮನೆಯಲ್ಲಿ ಮುಗಿಸಿ. ಅಟ್ಟದ ಸಾಮಾನು ದಿನವೂ ಬೇಕಾಗುವುದಿಲ್ಲ. ಒಲೆಯ ಪಾತ್ರೆ ಕೊನೆಯ ದಿನವೂ ಬೇಕು. ಎಲ್ಲವನ್ನೂ ನಾಲ್ಕು ಪಾಲು ಮಾಡಿ: ಜೊತೆಗೆ ಬರುವುದು, ತೋಟದಲ್ಲೇ ಉಳಿಯುವುದು, ಕೊಟ್ಟುಬಿಡುವುದು, ಮಾರುವುದು.

ದೋಟಿ, ಮೆಟ್ಟುಗತ್ತಿ, ಬೇಯಿಸುವ ಹಂಡೆ, ಪಂಪು, ಔಷಧಿ ಹೊಡೆಯುವ ಯಂತ್ರ ತೋಟದಲ್ಲೇ ಉಳಿಯಲಿ. ಮೈಲುತುತ್ತ ಮತ್ತು ಬೇರೆ ಔಷಧಿಗಳನ್ನು ಅಕ್ಕಿಬೇಳೆಯ ಲಾರಿಯಲ್ಲಿ ಎಂದೂ ಹಾಕಬೇಡಿ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಹೊಟ್ಟೆಗೆ ಹೋದರೆ ವಿಷ. ಒಣ ಅಡಿಕೆಯನ್ನು ಪೇಟೆಯ ಬಾಡಿಗೆ ಮನೆಗೆ ಒಯ್ಯುವುದು ಬೇಡ. ತಂಪು ಗೋಡೆಯ ಕೋಣೆಯಲ್ಲಿ ಬೂಷ್ಟು ಹಿಡಿದು ದರ್ಜೆ ಇಳಿಯುತ್ತದೆ. ಮಾರಾಟ ಸಹಕಾರ ಸಂಘಕ್ಕೆ ಹಾಕಿ, ತೂಕದ ಚೀಟಿ ಪಡೆಯಿರಿ. ದರಕ್ಕೆ ಕಾಯುವುದಾದರೆ ಅದರ ಮೇಲೆ ಮುಂಗಡ ಸಿಗುತ್ತದೆಯೇ ವಿಚಾರಿಸಿ.

ಪಿಂಗಾಣಿ, ಭರಣಿಗಳಿಗೆ ಹಣ ಕೊಟ್ಟು ಏನೂ ತರಬೇಕಾಗಿಲ್ಲ. ಒಣ ಅಡಿಕೆ ಹಾಳೆ ಮತ್ತು ಭತ್ತದ ಹುಲ್ಲು ಸಾಕು. ತಟ್ಟೆಗಳ ನಡುವೆ ಹಾಳೆಯ ತುಂಡು, ಭರಣಿಯ ಸುತ್ತ ಹುಲ್ಲಿನ ಸಿಂಬಿ. ಭಾರದ ಸಾಮಾನು ಲಾರಿಯ ತಳಕ್ಕೆ, ಕ್ಯಾಬಿನ್ನಿನ ಕಡೆಗೆ. ಪ್ರತಿ ಗೋಣಿಗೂ ನಂಬರು ಬರೆದು, ಒಳಗೇನಿದೆ ಎಂದು ನೋಟುಬುಕ್ಕಿನಲ್ಲಿ ಬರೆಯಿರಿ. ಮೊದಲ ರಾತ್ರಿಗೆ ಬೇಕಾದದ್ದನ್ನು, ಅಂದರೆ ಅಕ್ಕಿ, ಒಂದು ಪಾತ್ರೆ, ಹಾಸಿಗೆ, ಟಾರ್ಚು, ಬೆಂಕಿಪೆಟ್ಟಿಗೆಯನ್ನು ಕೊನೆಗೆ ತುಂಬಿದರೆ ಮೊದಲು ಇಳಿಯುತ್ತದೆ.

ಹಳೆಯ ಮನೆಯನ್ನು ಪೂರ್ತಿ ಮುಚ್ಚಿ ಬರಬೇಡಿ. ಹೊಗೆಯಾಡದ ಮನೆಗೆ ಗೆದ್ದಲು ಬೇಗ. ಜಾರಿದ ಒಂದು ಹೆಂಚು ಒಂದು ಮಳೆಗಾಲದಲ್ಲಿ ಒಂದು ಜಂತಿಯನ್ನು ಕೆಡಿಸುತ್ತದೆ. ವಾರಕ್ಕೊಮ್ಮೆ ಹೋಗಿ ಒಲೆ ಹಚ್ಚಿ ಬನ್ನಿ. ತೋಟ ನೋಡಿದಂತೆಯೂ ಆಯಿತು.

ಮುಗಿಸುವ ಮೊದಲು

ನಾವು ಹೊರಟ ದಿನ ನನ್ನ ಹೆಂಡತಿ ಅಜ್ಜಿಯ ಅದೇ ಭರಣಿಯನ್ನು ಹುಲ್ಲು ಸುತ್ತಿ ಗೋಣಿಗೆ ಹಾಕಿದಳು. ಕಾಗದದ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಎರಡೂ ಸುಖವಾಗಿ ತಲುಪಿದವು. ಅಪ್ಪಯ್ಯ ಇದ್ದಿದ್ದರೆ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡುತ್ತಿದ್ದರು ಎಂದು ನನಗನಿಸಿತು. ಅವರ ಪರವಾಗಿ ನಾನೇ ತೆರೆದು ನೋಡಿದೆ. ಎಲ್ಲ ಒಣಗಿತ್ತು.

ಮನೆಯಲ್ಲಿ ಮಾಡಿ ನೋಡಬೇಕಾದ ಅಭ್ಯಾಸ

1. ಕಳೆದ ವರ್ಷದ ಆದಾಯ, ಸಾಲ, ತೋಟದ ಖರ್ಚು, ಮನೆ ಖರ್ಚು ಬರೆದು ಉಳಿಕೆ ಕಂಡುಹಿಡಿಯಿರಿ. ಮನೆಯವರೆಲ್ಲ ಕೂತು ಮಾಡಿ.

2. ಪೇಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾಗುವ, ಈಗ ಹಿತ್ತಲಿನಿಂದ ಬರುವ ಹತ್ತು ಪದಾರ್ಥ ಪಟ್ಟಿ ಮಾಡಿ ಬೆಲೆ ಹಾಕಿ.

3. ನಿಮ್ಮ ಕೊಡುಕೊಳ್ಳುವ ಬಾಕಿಯಲ್ಲಿ ನಿಮಗೊಬ್ಬರಿಗೇ ಗೊತ್ತಿರುವುದು ಎಷ್ಟು? ಅದನ್ನು ಇವತ್ತೇ ಬರೆದು ಮನೆಯ ಇನ್ನೊಬ್ಬರಿಗೆ ತೋರಿಸಿ.

4. ಕಾಗದಪತ್ರಗಳೆಲ್ಲ ಎಲ್ಲಿವೆ? ಕತ್ತಲಲ್ಲಿ ಹತ್ತು ನಿಮಿಷದೊಳಗೆ ತೆಗೆಯಬಲ್ಲಿರಾ?

ಮನೆ ಬಿಡುವ ಯೋಚನೆ ಇಲ್ಲದವರೂ ಇವನ್ನು ಮಾಡಿ ನೋಡಬಹುದು. ಲೆಕ್ಕ ಸರಿಯಿರುವ ಮನೆ ಇದ್ದಲ್ಲೇ ಇದ್ದರೂ ಗಟ್ಟಿಯಾಗಿರುತ್ತದೆ.